ದಿಂಬಿನ ಜಾಹೀರಾತು ಮತ್ತು ಚಿಕ್ಕಮ್ಮನ ನಿದ್ದೆ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಅಂತ ನನಗೆ ಚೆನ್ನಾಗಿ ಗೊತ್ತಿತ್ತು: ಒಬ್ಬ ಹೆಂಗಸು ನಿದ್ದೆ ಮಾಡುತ್ತಿರುವುದರಿಂದ. ಅದನ್ನೇ ಒಂದು ಪುಟ ಬರೆದೆ. ಎರಡು ಸಲ ಓದಿಕೊಂಡು ಖುಷಿಪಟ್ಟೆ. ಆಮೇಲೆ ಕಥೆಯ ಹುಡುಗಿಯೇ ಬಂದು ಆ ಪುಟವನ್ನು ಹರಿದುಹಾಕಿದಳು. ಹಾಗಾಗಿ ನೀವು ಓದುತ್ತಿರುವುದು ಎರಡನೇ ಆರಂಭ. (ಮೊದಲನೆಯದು ಇದಕ್ಕಿಂತ ಚೆನ್ನಾಗಿತ್ತು. ನಂಬಿ, ನಿಮಗೆ ಬೇರೆ ದಾರಿಯಿಲ್ಲ.)

೨

ಹುಡುಗಿ ಮೀಡಿಯಾ ಓದುತ್ತಾಳೆ. ನಾಲ್ಕು ಜನರ ಗುಂಪಿನಲ್ಲಿ ಎಡಿಟಿಂಗ್ ಅವಳದು, ಅದಕ್ಕೇ ಎಲ್ಲರೂ 'ಕತ್ತರಿ' ಅಂತ ಕರೆಯುತ್ತಾರೆ. ಈ ಸಲ ಕೆಲಸ ಎರಡು. ಬೇರೆ ಗುಂಪುಗಳ ಕಿರುಚಿತ್ರ ನೋಡಿ ಮಾರ್ಕ್ಸ್ ಹಾಕುವುದು. ತಮ್ಮದೇ ಒಂದು ಜಾಹೀರಾತು ಮಾಡಿ, ಅದಕ್ಕೂ ಮೌಲ್ಯಮಾಪನ ಬರೆಯುವುದು.

ಕಿರುಚಿತ್ರಗಳದ್ದು ಬರೆದು ಕೊಟ್ಟಾಗಿದೆ. ಒಂದರಲ್ಲಿ ಶುರುವಿನಿಂದ ಕೊನೆತನಕ ಒಂದು ಬಾಗಿಲು ತೆರೆದುಕೊಳ್ಳುತ್ತದೆ, ಮುಚ್ಚಿಕೊಳ್ಳುತ್ತದೆ. 'ಬಾಗಿಲಿನ ನಟನೆ ಚೆನ್ನಾಗಿದೆ' ಅಂತ ಬರೆದಳು. ಇನ್ನೊಂದರಲ್ಲಿ ಬಸ್ ಸ್ಟಾಪಿನಲ್ಲಿ ಒಬ್ಬ ಮುದುಕ ಅಳುತ್ತಾನೆ. ನಟನಲ್ಲ, ಯಾರೋ ಪಾಪದ ಮನುಷ್ಯ. ದೂರದಿಂದ ಜೂಮ್ ಹಾಕಿ ತೆಗೆದದ್ದು. ಕ್ಲಾಸಿಗೆ ಕ್ಲಾಸೇ ಕಣ್ಣೊರೆಸಿಕೊಂಡಿತು. ಕತ್ತರಿಯೂ ಒರೆಸಿಕೊಂಡಳು. ಒರೆಸಿಕೊಂಡು, 'ಅವರನ್ನು ಕೇಳಿದ್ದಿರಾ?' ಅಂತ ಬರೆದು ಅರ್ಧಕ್ಕರ್ಧ ಮಾರ್ಕ್ಸ್ ಕಡಿದಳು. ಆ ಗುಂಪಿನವರು ಈಗ ಅವಳ ಜೊತೆ ಮಾತು ಬಿಟ್ಟಿದ್ದಾರೆ.

೩

ಜಾಹೀರಾತು ದಿಂಬಿನದು. ದಿಂಬಿನ ಕಂಪನಿ ಸುಳ್ಳು, ದಿಂಬು ನಿಜ, ಡೈರೆಕ್ಟರ್ ಮನೆಯದು. (ಡೈರೆಕ್ಟರ್ ಅಂದರೆ ಅವಳ ಕ್ಲಾಸಿನ ಹುಡುಗನೇ. ಅವನ ಹತ್ತಿರ ಟೋಪಿ ಇತ್ತು, ಅದಕ್ಕೇ ಆ ಹುದ್ದೆ ಸಿಕ್ಕಿತು.) ನಟಿ ಕತ್ತರಿಯ ಚಿಕ್ಕಮ್ಮ. ಆಸ್ಪತ್ರೆಯಲ್ಲಿ ನರ್ಸ್. ಡಬಲ್ ಡ್ಯೂಟಿ ಮುಗಿಸಿ, ಮುಖ ತೊಳೆದುಕೊಂಡು ನೇರ ಶೂಟಿಂಗಿಗೆ ಬಂದಿದ್ದರು. ದಿಂಬಿಗೆ ತಲೆ ಕೊಟ್ಟು 'ಆಹಾ' ಅನ್ನಬೇಕು, ಅಷ್ಟೇ. ಎಷ್ಟು ಟೇಕ್ ಆದರೂ ಅದು ಇಂಜೆಕ್ಷನ್ ಚುಚ್ಚಿಸಿಕೊಂಡವರ ಆಹಾ.

ಹುಡುಗರು ಲೈಟ್ ಸರಿಮಾಡುತ್ತಿದ್ದರು. ಚಿಕ್ಕಮ್ಮ ಹಾಗೇ ನಿಜವಾಗಿ ನಿದ್ದೆಹೋದರು. ಕ್ಯಾಮೆರಾ ಓಡುತ್ತಲೇ ಇತ್ತು.

ಹೇಗೆ ಮಲಗಿದ್ದರು ಅಂದರೆ

(ಹರಿದುಹೋದ ಪುಟ ಇಲ್ಲಿ ಬರಬೇಕಿತ್ತು.)

೪

"ಬಂಗಾರ ಕಣೇ ಇದು!" ಡೈರೆಕ್ಟರ್ ಎಡಿಟಿಂಗ್ ರೂಮಿನಲ್ಲಿ ಸ್ಕ್ರೀನಿಗೆ ಮೂಗು ತಾಗಿಸಿಕೊಂಡು ಕೂಗಿದ. "ದುಡ್ಡು ಕೊಟ್ರೂ ಇಂಥ ನಿದ್ದೆ ಸಿಗಲ್ಲ."

"ಕೊಟ್ಟಿಲ್ವಲ್ಲ. ಕೇಳೂ ಇಲ್ಲ."

"ನಿನ್ ಚಿಕ್ಕಮ್ಮ ತಾನೇ? ಏನಂತಾರೆ?"

"ಅದೇ ಗೊತ್ತಿಲ್ಲ. ಹೋಗಿ ಕೇಳ್ತೀನಿ."

"ಬೇಡ ಅಂದ್ಬಿಟ್ರೆ? ಸಂಜೆ ಐದಕ್ಕೆ ಕೊಡ್ಬೇಕು. ಇದನ್ನ ತೆಗೆದ್ರೆ ಉಳಿಯೋದು ಬರೀ ದಿಂಬು. ಇಡೀ ಗುಂಪು ಫೇಲು!"

"ಬಾಗಿಲು ನಟಿಸ್ಲಿಲ್ವಾ? ದಿಂಬೂ ನಟಿಸುತ್ತೆ ಬಿಡು." ಕತ್ತರಿ ಲ್ಯಾಪ್‌ಟಾಪ್ ಮುಚ್ಚಿ ಬ್ಯಾಗಿಗೆ ತುರುಕಿದಳು. "ಮುದುಕನ ಗುಂಪಿಗೆ ಮಾರ್ಕ್ಸ್ ಕಡಿದ ಕೈ ಇದು. ಇದೇ ಕೈಯಲ್ಲಿ ನಮಗೆ ಪೂರ್ತಿ ಹಾಕ್ಲಾ?"

೫

ಇಲ್ಲಿ ನಾನು ಬಾಯಿ ಹಾಕಿದೆ. ನಾಲ್ಕು ಜನರ ನಡುವೆ ಬದುಕಿದವನು, ಸ್ವಲ್ಪ ಲೋಕಜ್ಞಾನ ಇದೆ. "ನೋಡಮ್ಮ, ಈಗ ಹಾಕ್ಬಿಡು. ಆಮೇಲೆ ಒಂದು ಒಳ್ಳೇ ಬಟ್ಟೆ ಕೊಡಿಸಿ, ನಿಧಾನಕ್ಕೆ ಹೇಳು."

ಅವಳು ನನ್ನ ಕಡೆ ತಿರುಗಿದಳು. "ರೀ ಬರೆಯೋರೇ, ನೀವೂ ಅದನ್ನೇ ಮಾಡಿದೀರಲ್ಲ. ಒಂದು ಪುಟ!"

"ನಂದು ಕಥೆ. ನಿನ್ನ ಚಿಕ್ಕಮ್ಮನ್ನ ಹುಟ್ಟಿಸಿದ್ದೇ ನಾನು."

"ಹುಟ್ಟಿಸಿದೋರು ಮಕ್ಕಳು ಬಾಯಿ ಬಿಟ್ಕೊಂಡು ಮಲಗಿರೋದನ್ನ ಊರಿಗೆಲ್ಲ ತೋರಿಸ್ತಾರಾ?"

(ಬಾಯಿಯ ವಿಷಯ ಹೊರಗೆ ಬಂದದ್ದು ಅವಳಿಂದ. ನಾನು ಹೇಳಿದ್ದಲ್ಲ. ಅವಳೂ ನಾಲಿಗೆ ಕಚ್ಚಿಕೊಂಡಳು.)

ಪುಟ ಹರಿದದ್ದು ಆಗಲೇ.

೬

ನನ್ನ ಹತ್ತಿರ ಸಿದ್ಧವಾಗಿದ್ದ ಮುಕ್ತಾಯಗಳು:

ಅ) ಕೇಳದೆ ಹಾಕುತ್ತಾರೆ, ಚಪ್ಪಾಳೆಯೋ ಚಪ್ಪಾಳೆ. ಕತ್ತರಿ ಇದರಲ್ಲಿ ಕಾಲಿಡಲು ಒಪ್ಪಲಿಲ್ಲ.

ಆ) ಚಿಕ್ಕಮ್ಮ ನೋಡಿ ನಗುತ್ತಾರೆ, ಎಲ್ಲರನ್ನೂ ತಬ್ಬಿಕೊಳ್ಳುತ್ತಾರೆ. ಇದು ಕಥೆಯಲ್ಲ, ಸೋಪಿನ ಜಾಹೀರಾತು.

ಇ) ಬರೀ ದಿಂಬು ತೋರಿಸಿ, ಫೇಲಾಗಿ, ಒಳ್ಳೆಯವರಾಗುತ್ತಾರೆ. ಡೈರೆಕ್ಟರ್ ಟೋಪಿ ಕಿತ್ತು ನನ್ನ ಮೇಲೆಸೆದ.

ಇನ್ನೂ ಇದ್ದವು. ಅಷ್ಟರಲ್ಲಿ ಕತ್ತರಿ ನನ್ನನ್ನು ಕಾಯದೆ ಹೊರಟಿದ್ದಳು. ಹಿಂದೆಯೇ ಓಡಿದೆ.

೭

ಚಿಕ್ಕಮ್ಮ ಮನೆಯಲ್ಲಿ ಯೂನಿಫಾರ್ಮ್ ಇಸ್ತ್ರಿ ಮಾಡುತ್ತಿದ್ದರು.

"ಚಿಕ್ಕಮ್ಮ, ಅವತ್ತು ನೀನು ನಿದ್ದೆಹೋದ್ಯಲ್ಲ, ಅದು ಕ್ಯಾಮೆರಾದಲ್ಲಿ ಬಂದಿದೆ."

ಇಸ್ತ್ರಿಪೆಟ್ಟಿಗೆ ಗಾಳಿಯಲ್ಲೇ ನಿಂತಿತು. "ಗೊರಕೆ?"

"ಅದೂನು."

"ಅಯ್ಯೋ ನಿನ್ನ! ಯಾರ್ಯಾರು ನೋಡಿದ್ರು?"

"ನಾವು ನಾಲ್ಕು ಜನ."

"ನಾಲ್ಕೇನಾ?" ಅಂದ ಚಿಕ್ಕಮ್ಮನ ಕಣ್ಣು ಬಾಗಿಲಲ್ಲಿ ನಿಂತ ನನ್ನ ಮೇಲೆ ಬಿತ್ತು.

"ಐದು," ಅಂದೆ.

"ಬೇಡ ಅಂದ್ರೆ ಈಗ್ಲೇ ಅಳಿಸ್ತೀನಿ," ಅಂದಳು ಕತ್ತರಿ. "ಫೇಲಾದ್ರೆ ಆಗ್ಲಿ, ಇನ್ನೊಂದು ಸಲ ಮಾಡ್ತೀವಿ. ಹಾಕು ಅಂದ್ರೆ ಹಾಕ್ತೀನಿ. ನೀನು ಹೇಳಿದ ಹಾಗೆ."

ಚಿಕ್ಕಮ್ಮ ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿದರು. "ಮಲಗಿರೋರನ್ನ ದಿನಾ ನೋಡ್ತೀನಿ ಮರಿ. ಯಾರಾದ್ರೂ ಬಂದ್ರೆ ಮೊದ್ಲು ಪರದೆ ಎಳೀತೀನಿ. ನಾನು ಮಲಗಿರೋದನ್ನ ಮಾತ್ರ ನಾನೇ ನೋಡಿಲ್ಲ. ತೆಗಿ, ನೋಡಿ ಹೇಳ್ತೀನಿ."

"ಐದು ಗಂಟೆಗೆ..."

"ಐದು ಗಂಟೆ ನಿಂದು. ನಿದ್ದೆ ನಂದು."

ಹಾಗಂದು ಎದ್ದು ಬಂದು, ನನ್ನ ಮೂಗಿನ ಮುಂದೆಯೇ ಕೋಣೆಯ ಪರದೆ ಎಳೆದರು. ನಾನು ಈಚೆ ಉಳಿದೆ. ನನ್ನ ಬೆನ್ನಿಗೆ ನೀವು.

೮

ಒಳಗೆ ಗೊರಕೆ ಶುರುವಾಯಿತು. ಲ್ಯಾಪ್‌ಟಾಪಿನದು. ಆಮೇಲೆ ಅದೂ ನಿಂತಿತು. ಕತ್ತರಿಯ ಫೋನ್ ಬಡಿದುಕೊಂಡಿತು, ಡೈರೆಕ್ಟರದ್ದೇ ಇರಬೇಕು. ಯಾರೂ ಎತ್ತಲಿಲ್ಲ.

ಸ್ವಲ್ಪ ಹೊತ್ತಿಗೆ ಪರದೆಯ ಅಂಚಿನಲ್ಲಿ ಕತ್ತರಿಯ ಮುಖ ಕಾಣಿಸಿತು. "ಇನ್ನೂ ಇಲ್ಲೇ ನಿಂತಿದೀರಾ?"

"ಓದೋರು ಕಾಯ್ತಿದಾರಮ್ಮ. ಏನಂದ್ರು?"

"ಅವರನ್ನೂ ಕರ್ಕೊಂಡು ಹೋಗಿ."

ಚಪ್ಪಲಿ ಮೆಟ್ಟಿಕೊಂಡೆ. ನೀವೂ ಮೆಟ್ಟಿಕೊಳ್ಳಿ.