ಖಾಲಿ ಬಂದ ಡಬ್ಬಿ

ಕೊಲ್ಹಾಪುರದ ಕಾಲೇಜಿನಲ್ಲಿ ಓದುವ ಮಗ ಕೃಷ್ಣಾತನಿಗೆ ಯಮುನವ್ವ ದಿನಾ ಬೆಳಿಗ್ಗೆ ಗಡಹಿಂಗ್ಲಜದಿಂದ ಹೊರಡುವ ಎಸ್‌ಟಿ ಬಸ್ಸಿನಲ್ಲಿ ಊಟದ ಡಬ್ಬಿ ಕಳಿಸುತ್ತಿದ್ದಳು. ಮಧ್ಯಾಹ್ನದ ಬಸ್ಸಿಗೆ ಡಬ್ಬಿ ಖಾಲಿಯಾಗಿ ಮರಳುತ್ತಿತ್ತು. ಆ ಮನೆಯವರಿಗೆ ಮಗನ ಕ್ಷೇಮಸಮಾಚಾರವೆಂದರೆ ಅದೇ. ದೀಪಾವಳಿಗೆ ಬಂದಾಗ ಹುಡುಗ ಅಂಗಿಯೊಳಗೆ ಕೋಲು ಸಿಕ್ಕಿಸಿದಂತಿದ್ದ. ಆದರೂ ಡಬ್ಬಿಯ ಸಾಕ್ಷಿಯ ಮುಂದೆ ಕಣ್ಣಿನ ಸಾಕ್ಷಿ ನಿಲ್ಲಲಿಲ್ಲ.

ಪಕ್ಕದ ಮನೆಯ ಮಂಗಲ ಸರಕಾರಿ ದವಾಖಾನೆಯ ನರ್ಸ್. ಕೆಲಸಕ್ಕೆಂದು ಕೊಲ್ಹಾಪುರಕ್ಕೆ ಹೋದವಳು ಕೃಷ್ಣಾತನ ಬಾಡಿಗೆ ಖೋಲಿಗೂ ಹೋಗಿ, ನೇರ ಇವರ ಮನೆಗೇ ಬಂದಳು.

“ಮಲ್ಲಾರಿ ಮಾಮಾ, ಹುಡುಗನ ಮನಸ್ಸು ನೆಟ್ಟಗಿಲ್ರಿ.”

“ಏನಾಗೇತಿ ಅವಂಗ? ಕುರಿ ಕಾಯಬೇಕೇನ? ನೆರಳಾಗ ಕುಂತು ಓದೂದು,” ಎಂದ ಕೃಷ್ಣಾತನ ಅಪ್ಪ, ಕುರಿ ಕಾಯುವ ಮಲ್ಲಾರಿ. “ಡಬ್ಬಿ ನೋಡ, ನಾಯಿ ನೆಕ್ಕಿದಂಗ ಖಾಲಿ!”

“ನಾಯೀನ ನೆಕ್ಕೇತ್ರಿ. ನಾ ಕಣ್ಣಾರೆ ನೋಡೇನಿ. ರೊಟ್ಟಿ ನಾಯಿಗಿ ಹಾಕಿ, ಡಬ್ಬಿ ತೊಳದು ಕಳಸ್ತಾನ. ಅವ್ವಗ ಚಿಂತಿ ಆಗಬಾರದಂತ.”

ಯಮುನವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಮನಿಯಾಗ ಕನ್ನಡ, ಸಾಲ್ಯಾಗ ಮರಾಠಿ, ಕಾಲೇಜದಾಗ ಎಲ್ಲಾ ಇಂಗ್ಲಿಷ್. ಒಂದೂ ತಿಳಿವಲ್ದಂತ. ‘ನಾಪಾಸಾದ್ರ ಅಪ್ಪಗ ಹ್ಯಾಂಗ ಮಾರಿ ತೋರಸ್ಲಿ? ಇರೂದಕ್ಕಿಂತ ಇಲ್ಲದಿರೂದ ಚಲೋ’ ಅಂದ.”

“ನಾಕು ಬಾರಿಸಿದ್ರ ಸರಿ ಆಗ್ತಾನ.”

“ಮಾಮಾ, ಕುರಿ ಮೆಲುಕು ಬಿಟ್ಟು, ಹಿಂಡು ಬಿಟ್ಟು ಒಂದ ಕಡೆ ನಿಂತ್ರ ಬಾರಸ್ತೀರೇನ್ರಿ?”

ಅಂಥ ಕುರಿಯನ್ನು ಮಲ್ಲಾರಿ ಹೆಗಲ ಮೇಲೆ ಹೊತ್ತು ದನದ ದವಾಖಾನೆಗೆ ನಡೆದದ್ದನ್ನು ಊರೇ ನೋಡಿತ್ತು.

“ಒಬ್ಬನ್ನ ಬಿಟ್ಟು ಬಂದಿಯೇನ ಮಂಗಲಾ?” ಎಂದಳು ಯಮುನವ್ವ.

“ಇಲ್ಲಕ್ಕಾ, ಅವನ ಗೆಳೆಯ ಧನಪಾಲ ಜೋಡಿಗದಾನ. ನೀವು ಈಗ ಹೊಂಡ್ರಿ.”

ಆ ಸಂಜೆ ಡಬ್ಬಿ ಮತ್ತೆ ತುಂಬಿತು, ಆದರೆ ಕಂಡಕ್ಟರನ ಕೈಗೆ ಹೋಗಲಿಲ್ಲ. ಮಲ್ಲಾರಿಯ ಬಗಲಲ್ಲೇ ಬಸ್ಸು ಹತ್ತಿತು. ಮಗನ ಎದುರು ಕೂತು ಅದನ್ನು ಬಿಚ್ಚಿದ.

“ನಾಪಾಸಾದ್ರ ಆಗಲಿ ಬಿಡ. ನೀ ಇರಬೇಕ ನೋಡಪಾ.”

ರೊಟ್ಟಿಯೊಂದನ್ನು ತೆಗೆದು ಮಗನ ಮುಂದಿಟ್ಟ. ಕೃಷ್ಣಾತ ಅತ್ತ. ಒಂದು ರೊಟ್ಟಿ ತಿಂದ.

ಮರುದಿನ ಡಾಕ್ಟರರನ್ನು ಕಂಡರು. ಬೇಗ ಗುಣವಾಗಲಿಲ್ಲ, ಆ ವರ್ಷದ ಪರೀಕ್ಷೆಯೂ ಕೈತಪ್ಪಿತು. ಆದರೆ ಡಬ್ಬಿ ಸುಳ್ಳು ಹೇಳುವುದನ್ನು ಬಿಟ್ಟಿತು. ತಿನ್ನಲಾಗದ ರೊಟ್ಟಿ ಅದರಲ್ಲೇ ಮರಳುತ್ತಿತ್ತು. ಉಳಿದ ರೊಟ್ಟಿ ಕಂಡು ನಿಟ್ಟುಸಿರು ಬಿಟ್ಟು ಸಮಾಧಾನಪಟ್ಟ ತಾಯಿ ತಾಲೂಕಿಗೆಲ್ಲ ಯಮುನವ್ವ ಒಬ್ಬಳೇ ಇರಬೇಕು.

ಡಬ್ಬಿ ಕಳಿಸುವ ತಾಯಿ-ತಂದೆಯರೇ, ಖಾಲಿ ಡಬ್ಬಿಯನ್ನು ನಂಬಬೇಡಿ. ಒಮ್ಮೆ ಹೋಗಿ ಜೊತೆಗೆ ಕೂತು ಉಣ್ಣಿ. ಊಟ, ನಿದ್ದೆ, ಮಾತು ಬಿಟ್ಟ ಮಗುವನ್ನು ಬೈಯದೆ ಕೇಳಿ. ಬದುಕು ಸಾಕು ಎಂದರೆ ಒಂಟಿಯಾಗಿ ಬಿಡದೆ ಡಾಕ್ಟರರ ಬಳಿ ಕರೆದೊಯ್ಯಿರಿ. ಓದುವ ಮಕ್ಕಳೇ, ತಿಳಿಯದಿದ್ದರೆ ತಿಳಿಯಲಿಲ್ಲ ಎನ್ನಿ. ಡಬ್ಬಿ ತೊಳೆಯುವ ಮೊದಲು ಯಾರಿಗಾದರೂ ಹೇಳಿ.