ಮೋಟು ವೈರು

"ಇವತ್ತಾದ್ರೂ ಈ ಕಡೆ ತಿರುಗ್ತೀರೇನು?"

ಹೆಂಡತಿ ಕನ್ನಡಿಯ ಮುಂದೆ ತಲೆ ಬಾಚುತ್ತ ಕೇಳಿದಳು. ಅವನು ಮಂಚದ ಕೆಳಗೆ ಕಾಲುಚೀಲ ಹುಡುಕುತ್ತಿದ್ದ.

"ನೋಡೋಣ."

ಹದಿನಾಲ್ಕು ವರ್ಷದ ಸಂಸಾರದಲ್ಲಿ ಈ 'ನೋಡೋಣ' ಎಷ್ಟೋ ಗಂಡಾಂತರಗಳನ್ನು ದಾಟಿಸಿತ್ತು.

"ನಾನು ಬರ್ತಿರೋದೇ ಇದು ಮೊದಲು. ಅಲ್ಲೂ ನಿಮ್ಮ ಬೆನ್ನೇ ನೋಡ್ಬೇಕಾ?"

'ಅಲ್ಲೂ' ಎಂಬುದು ಚುಚ್ಚಿತು. ಕೇಳಿಸದವನಂತೆ ಕಾಲುಚೀಲ ಏರಿಸಿಕೊಂಡು ಹೊರಟ.

ವಾರದ ದಿನಗಳಲ್ಲಿ ಅವನು ಕಾಲೇಜಿನಲ್ಲಿ ತರ್ಕಶಾಸ್ತ್ರದ ಮೇಷ್ಟ್ರು. ಮನುಷ್ಯರೆಲ್ಲ ಸಾಯುತ್ತಾರೆಂದು ಅವನು ಸಾಧಿಸುತ್ತಿದ್ದರೆ ವಿದ್ಯಾರ್ಥಿಗಳು ಆಕಳಿಸಿ ಒಪ್ಪಿಕೊಳ್ಳುತ್ತಿದ್ದರು. ಭಾನುವಾರ ಮಧ್ಯಾಹ್ನ ಮಾತ್ರ ಕುಣಿಯುವವರಿಗೆ ಹಾಡು ಹಾಕುತ್ತಿದ್ದ.

ಅದು ಶುರುವಾದದ್ದು ಮೂರು ವರ್ಷದ ಹಿಂದೆ, ಕನ್ನಡಕದಂಗಡಿಯೊಂದರ ನೆಲಮಾಳಿಗೆಯಲ್ಲಿ. ಎಲ್ಲರೂ ಫ್ಯೂಸ್ ಎಂದೇ ಕರೆಯುವ ಎಲೆಕ್ಟ್ರಿಷಿಯನ್ ಗೆಳೆಯ ತಂದ ವೈರು ಮೋಟಾಗಿತ್ತು. ಹಾಡಿನ ಯಂತ್ರವಿಟ್ಟ ಮೇಜನ್ನು ಪ್ಲಗ್ಗಿದ್ದ ಗೋಡೆಗೇ ಒತ್ತಬೇಕಾಯಿತು. ಅವನು ಜನಕ್ಕೆ ಬೆನ್ನು ಹಾಕಿ ನಿಂತ. ಬಂದವರು ಹನ್ನೊಂದು ಮಂದಿ. ಅದರಲ್ಲಿಬ್ಬರು ಕನ್ನಡಕ ಮಾಡಿಸಲು ಬಂದು ದಾರಿ ತಪ್ಪಿದವರು. ಯಾರ ಮುಖವನ್ನೂ ನೋಡಬೇಕಿಲ್ಲವೆಂಬುದೇ ಅವನಿಗೆ ಪರಮಸುಖವೆನಿಸಿತು. ಮುಂದಿನ ವಾರ ಫ್ಯೂಸ್ ಉದ್ದದ ವೈರು ತಂದರೆ, "ಬೇಡ ಬಿಡು" ಎಂದ.

ಬೋರ್ಡಿಲ್ಲ, ಪೋಸ್ಟರಿಲ್ಲ. ಸುದ್ದಿ ಬಾಯಿಂದ ಬಾಯಿಗೆ ಹರಡಿತು. ಹನ್ನೊಂದು ಎಪ್ಪತ್ತಾಯಿತು, ಎಪ್ಪತ್ತು ಮುನ್ನೂರಾಯಿತು. ಮೇಲೆ ಕನ್ನಡಕಗಳು ತಾವೇ ಕುಣಿದು ಬೀಳತೊಡಗಿದಾಗ ಅಂಗಡಿಯವನು ಕೈಮುಗಿದು ಕಳಿಸಿಕೊಟ್ಟ. 'ಅಹಂಕಾರವನ್ನು ಗೋಡೆಗೆ ಮುಖಮಾಡಿ ನಿಲ್ಲಿಸಿದ ಕಲಾವಿದ' ಎಂದು ಪತ್ರಿಕೆಯೊಂದು ಬರೆಯಿತು. ಅವನು ಅದನ್ನು ನಾಲ್ಕು ಸಲ ಓದಿದ. ಫ್ಯೂಸ್ ಹೊಟ್ಟೆ ಹಿಡಿದುಕೊಂಡು ನಕ್ಕ: "ವೈರು ಮೋಟಾಗಿತ್ತು ಅಂತ ಹೇಳ್ಬಾರ್ದಿತ್ತೇನೋ!"

ಹೇಳಲಿಲ್ಲ. ಆಮೇಲೆ ಹಾಡು ಹಾಕಲು ಬಂದವರೂ ಬೆನ್ನು ತಿರುಗಿಸಿಯೇ ನಿಂತರು. ತಮಾಷೆ ಶಾಸ್ತ್ರವಾಯಿತು. ಬಾಗಿಲು ತೆರೆಯುವ ಮುನ್ನ ಬಂದು, ಕೊನೆಯ ಹಾಡು ಮುಗಿಯುತ್ತಲೇ ಹಿಂಬಾಗಿಲಿನಿಂದ ಹೋಗುವ ಅವನು ತನ್ನ ಜನವನ್ನು ಒಂದು ದಿನವೂ ನೋಡಿದವನಲ್ಲ. ಗೋಡೆಗಳ ಬಿರುಕು ಮಾತ್ರ ಬಾಯಿಪಾಠವಾಗಿತ್ತು.

ಈಗಿನ ಜಾಗ ಮುಚ್ಚಿಹೋದ ಸಿನಿಮಾ ಮಂದಿರ. ಪ್ಲಗ್ಗುಗಳಿಗೇನೂ ಬರವಿಲ್ಲ.

"ಸಾವಿರ ಜನ ಆಗ್ಬಹುದು ಇವತ್ತು," ಎಂದ ಫ್ಯೂಸ್, ಸ್ಕ್ರೂ ಬಿಗಿಸುತ್ತ.

"ನಾನು ತಿರುಗೋಣ ಅಂತಿದೀನಿ."

ಸ್ಕ್ರೂಡ್ರೈವರ್ ನಿಂತಿತು. "ಯಾಕೆ?"

"ಸುಮ್ಮನೆ."

"ಸುಮ್ಮನೆ ಆದ್ರೆ ಬೇಡ."

"ಅವಳು ಬರ್ತಾಳೆ."

"ಓ," ಎಂದ ಫ್ಯೂಸ್. ಇನ್ನೇನೋ ಹೇಳಲು ಹೋದವನು ಸ್ಕ್ರೂ ಕಡೆಗೇ ಬಗ್ಗಿದ.

ಮೂರಕ್ಕೆ ಶುರುವಾಯಿತು. ನಾಲ್ಕರ ಹೊತ್ತಿಗೆ ನೆಲ ಕಾಲಡಿಯಲ್ಲಿ ನಡುಗುತ್ತಿತ್ತು, ಅಂಗಿ ಮೈಗೆ ಅಂಟಿತ್ತು, ಅವನು ತನಗೇ ಗೊತ್ತಿಲ್ಲದೆ ನಗುತ್ತಿದ್ದ. ಮನೆಯಲ್ಲಿ ಈ ನಗು ಅವನಿಗೆಂದೂ ಬಂದಿರಲಿಲ್ಲ. ಇದನ್ನು ಒಂದೇ ಒಂದು ಸಲ ಅವಳಿಗೆ ತೋರಿಸಬೇಕು. ಇಲ್ಲದಿದ್ದರೆ ಉಳಿದ ಆಯುಷ್ಯವೂ 'ನೋಡೋಣ'ದಲ್ಲೇ ತೀರಿಹೋಗುತ್ತದೆ. ಭಯವಾಯಿತು. ಆಸೆ ಭಯಕ್ಕಿಂತ ದೊಡ್ಡದಾಗಿತ್ತು.

ತಿರುಗಿದ.

ಬೆನ್ನುಗಳು. ಗೋಡೆಯಿಂದ ಗೋಡೆಯವರೆಗೆ ಬರೀ ಬೆನ್ನುಗಳು, ಬೆವರಿ, ಬಳುಕಿ, ಅವನ ಹಾಡಿಗೆ ಕುಣಿಯುತ್ತಿದ್ದವು.

ಫ್ಯೂಸ್ ಕಿವಿಗೆ ಬಾಯಿಟ್ಟು ಕೂಗಿದ: "ವರ್ಷದಿಂದ ಹೀಗೇ ಮಾರಾಯ! ನಿನ್ನ ಹಾಗೇ ಗೋಡೆ ನೋಡ್ಕೊಂಡು ಕುಣೀಬೇಕಂತೆ. ಹೊಸಬ್ರಿಗೆ ಬಾಗಿಲಲ್ಲೇ ಹೇಳಿ ಒಳಗೆ ಬಿಡ್ತಾರೆ."

"ಅವಳು ಬಂದ್ಲಾ?"

"ಆಗ್ಲೇ ಬಂದ್ರಲ್ಲ! ಅಲ್ಲೇ ಎಲ್ಲೋ ಇದಾರೆ."

ಅವನು ಒಂದೊಂದೇ ಬೆನ್ನನ್ನು ನೋಡುತ್ತ ಹೋದ. ಯಾವ ಸಂತೆಯಲ್ಲಾದರೂ ಅವಳ ಮುಖ ಹಿಡಿಯಬಲ್ಲ. ಬೆನ್ನು? ಅದನ್ನು ಅವನು ನೋಡಿರಲೇ ಇಲ್ಲ. ಮನೆಯಲ್ಲಿ ಬೆನ್ನು ನೋಡುವ ಕೆಲಸ ಅವಳದಾಗಿತ್ತು. ಹೆಸರು ಹಿಡಿದು ಕೂಗಿದ. ಅವನೇ ಹಾಕಿದ ಹಾಡು ಅದನ್ನು ನುಂಗಿತು.

ಎದುರಿನ ಗೋಡೆಗೆ ಸಾವಿರ ಜನ ಒಟ್ಟಿಗೆ ಕೈ ಎತ್ತಿದರು. ಅದರಲ್ಲಿ ಎರಡು ಅವಳವು.