ಕಾಲರ್ ತಿಂದ ಇಲಿಗಳು ಬಕೆಟ್ಟಿಗೆ ಬಿದ್ದದ್ದು

ನಮ್ಮ ಮನೆಯವರು ಟೇಲರ್. ಕೈಯಲ್ಲಿ ಒಳ್ಳೆ ಕಸುಬಿದೆ, ಬಾಯಲ್ಲಿ ಅದಕ್ಕಿಂತ ಹೆಚ್ಚಿದೆ. ಊರ ಶಾಲೆಯವರು ಮೊದಲ ಸಲ ನಮಗೆ ಮಕ್ಕಳ ನಲವತ್ತು ಅಂಗಿ ಹೊಲಿಯಲು ಕೊಟ್ಟಿದ್ದರು. ಶನಿವಾರ ಒಪ್ಪಿಸಬೇಕು. ಚೆನ್ನಾಗಿ ಹೊಲಿದುಕೊಟ್ಟರೆ ವರ್ಷಾವರ್ಷ ಕೆಲಸ ನಮಗೇ, ತಪ್ಪಿದರೆ ಪೇಟೆಯ ದೊಡ್ಡ ಅಂಗಡಿಯ ಪಾಲು.

ಸೋಮವಾರ ಬೆಳಿಗ್ಗೆ ಅವರು ಮಡಿಸಿಟ್ಟ ಅಂಗಿಯೊಂದನ್ನು ಕೊಡವಿ ಎತ್ತಿ ಹಿಡಿದರು. ಅರ್ಧ ಕಾಲರ್ ಇಲ್ಲ. ಇನ್ನೊಂದು ತೆಗೆದರು, ಅದರದೂ ಅದೇ ಕಥೆ. ಒಟ್ಟು ಆರು ಅಂಗಿಯ ಕಾಲರನ್ನು ಇಲಿ ಕಡಿದುಹಾಕಿತ್ತು. ಅಡುಗೆಮನೆಯಲ್ಲಿ ವಾರದಿಂದ ಇಲಿಬೋನು ಇಟ್ಟಿದ್ದೆವು. ಅದರೊಳಗಿನ ಬ್ರೆಡ್ಡು ಒಣಗಿತೇ ಹೊರತು ಒಂದು ಇಲಿಯೂ ಮೂಸಿರಲಿಲ್ಲ.

ನಮ್ಮವರು ಅಂಗಡಿಗೆ ಹೋಗಿ ವಿಷದ ಪೊಟ್ಟಣ ತಂದರು. "ಇವತ್ತು ಇವುಗಳ ವಂಶಾನೇ ನಿರ್ವಂಶ ಮಾಡ್ತೀನಿ" ಎಂದರು.

"ರೀ, ಮಗು ನೆಲದ ಮೇಲೆ ಸಿಕ್ಕಿದ್ದೆಲ್ಲಾ ಬಾಯಿಗೆ ಹಾಕ್ಕೊಳ್ಳುತ್ತೆ."

"ಮಗೂನ ನೀನು ನೋಡ್ಕೋ, ಇಲೀನ ನಾನು ನೋಡ್ಕೋತೀನಿ."

ಅಷ್ಟರಲ್ಲಿ ನಮ್ಮ ಬೀದಿಯ ನರ್ಸಕ್ಕ ಮಗುವಿನ ತೂಕ ನೋಡಲು ಬಂದರು. ಪೊಟ್ಟಣ ಕಂಡದ್ದೇ ತಕ್ಕಡಿ ಕೆಳಗಿಟ್ಟರು.

"ಅಣ್ಣಾ, ಮೊದಲು ಅದನ್ನ ಅಂಗಡಿಗೆ ವಾಪಸ್ ಕೊಡಿ. ಮಗು ಕೈಗೆ ಸಿಕ್ಕರೆ ಏನು ಗತಿ? ವಿಷ ತಿಂದ ಇಲಿ ಗೋಡೆ ಸಂದೀಲಿ ಸತ್ತರೆ ಆ ನಾತ ಬೇರೆ. ಒಂದು ಬಕೆಟ್ಟಿದ್ರೆ ಸಾಕು, ಮನೇಲೇ ಹಿಡೀಬಹುದು."

ನಮ್ಮವರು ನಕ್ಕುಬಿಟ್ಟರು. "ಬೋನಿಗೇ ಬೀಳದ ಇಲಿ ಬಕೆಟ್ಟಿಗೆ ಬೀಳುತ್ತಾ ಅಕ್ಕಾ? ಯಾರ ಕಿವಿ ಮೇಲೆ ಹೂ ಇಡ್ತೀರಾ?"

ನರ್ಸಕ್ಕ ನೆಟ್ಟಗೆ ಹೊಲಿಗೆ ಕೋಣೆಗೆ ಹೋಗಿ ಮಿಷನ್ ಕೆಳಗೆ ಬಗ್ಗಿ ನೋಡಿದರು. ಅಲ್ಲೊಂದು ಅಂಟಿನ ಬಟ್ಟಲಿತ್ತು.

ಅದರ ಕಥೆ ಹೇಳಲೇಬೇಕು. ಕಾಲರ್ ಸೆಟೆದು ನಿಲ್ಲಲು ನಮ್ಮವರು ಅದರ ಒಳಪದರದ ಬಟ್ಟೆಗೆ ಮೈದಾ ಅಂಟು ಹಚ್ಚುತ್ತಾರೆ. ಅವರ ಗುರು ಹಾಗೆ ಕಲಿಸಿದ್ದು. ಸಂಜೆ ಬೇಯಿಸಿ, ಬೆಳಗಿನವರೆಗೆ ತೆರೆದೇ ಇಡಬೇಕು. ಮುಚ್ಚಿದರೆ ಬೆವರಿ ತೆಳ್ಳಗಾಗುತ್ತದಂತೆ. ಈ ವಿಷಯದಲ್ಲಿ ಅವರು ಯಾರ ಮಾತನ್ನೂ ಕೇಳಿದವರಲ್ಲ.

"ಅಂದ್ರೆ ದಿನಾ ಸಂಜೆ ಇಲಿಗಳಿಗೆ ನೀವೇ ಬೇಯಿಸಿ ಬಡಿಸ್ತಿದ್ದೀರಿ" ಎಂದರು ನರ್ಸಕ್ಕ. "ಈ ಅಂಟಿನ ಆಸೆಗೇ ಕಾಲರ್ ಕಡಿದಿರೋದು. ಇಷ್ಟು ಒಳ್ಳೆ ಊಟ ಬಿಟ್ಟು ಒಣ ಬ್ರೆಡ್ಡಿಗೆ ಯಾವ ಇಲಿ ಹೋಗುತ್ತೆ?"

ನಮ್ಮವರ ಮುಖ ಇಂಗು ತಿಂದ ಮಂಗನ ಹಾಗಾಯಿತು. ನಾನು ನಗು ತಡೆಯಲು ಮಗುವನ್ನು ಎತ್ತಿಕೊಂಡೆ. ವಿಷದ ಪೊಟ್ಟಣ ಅಂದೇ ಅಂಗಡಿಗೆ ವಾಪಸ್ ಹೋಯಿತು.

ನರ್ಸಕ್ಕ ಹೇಳುತ್ತಾ ಹೋದರು, ನಾವು ಮಾಡುತ್ತಾ ಹೋದೆವು. ಹಳೆಯ ಪೇಂಟ್ ಬಕೆಟ್ಟಿನ ಬಾಯಿಯ ಹತ್ತಿರ ಎದುರುಬದುರಾಗಿ ಎರಡು ತೂತು. ದುಂಡನೆಯ ಖಾಲಿ ಡಬ್ಬದ ತಳಕ್ಕೂ ಮುಚ್ಚಳಕ್ಕೂ ನಟ್ಟನಡುವೆ ಒಂದೊಂದು ತೂತು. ಒಂದೇ ಕಂಬಿಯನ್ನು ಎಲ್ಲದರೊಳಗೂ ತೂರಿಸಿದರೆ ಡಬ್ಬ ಬಕೆಟ್ಟಿನ ಬಾಯಿಗೆ ಅಡ್ಡಲಾಗಿ ನಿಲ್ಲುತ್ತದೆ, ಮುಟ್ಟಿದರೆ ಸಾಕು, ಗಿರ್ರನೆ ತಿರುಗುತ್ತದೆ. ಡಬ್ಬದ ಮೈಗೆ ಅಂಟು ಸವರಿದೆವು. ಇಲಿ ಓಡಾಡುವುದು ಗೋಡೆಯಂಚಿನಲ್ಲೇ ಆದ್ದರಿಂದ ಗೋಡೆಯ ಬುಡದಲ್ಲಿ ಬಕೆಟ್ಟಿಟ್ಟು, ಹತ್ತಲು ಒಂದು ಹಲಗೆ ಒರಗಿಸಿದೆವು. ಕೊನೆಗೆ ನರ್ಸಕ್ಕ ದಾರ ಕೇಳಿ ಡಬ್ಬವನ್ನು ತಿರುಗದಂತೆ ಕಟ್ಟಿಬಿಟ್ಟರು.

"ಕಟ್ಟಿದರೆ ಬೀಳೋದು ಹೇಗೆ?" ಎಂದರು ನಮ್ಮವರು.

"ಹೊಸ ವಸ್ತು ಕಂಡ್ರೆ ಇಲಿಗೆ ಅನುಮಾನ ಅಣ್ಣಾ. ಎರಡು ದಿನ ಧೈರ್ಯವಾಗಿ ತಿಂದು ಹೋಗ್ಲಿ. ಮೂರನೇ ಸಂಜೆ ಬಕೆಟ್ಟಿಗೆ ಅರ್ಧ ನೀರು ಹಾಕಿ ದಾರ ಕತ್ತರಿಸಿ. ಕೋಣೆಗೆ ಚಿಲಕ ಹಾಕೋದು ಮರೀಬೇಡಿ, ನೀರಿರೋ ಬಕೆಟ್ಟಿನ ಹತ್ತಿರ ಮಗು ಹೋಗಬಾರದು. ಅಂಟಿನ ಬಟ್ಟಲಿಗೆ ಮುಚ್ಚಳ, ಅಂಗಿಗಳು ಟ್ರಂಕಿನೊಳಗೆ."

ಮಂಗಳವಾರ ಬೆಳಿಗ್ಗೆ ಇಲಿಗಳು ಡಬ್ಬ ನೆಕ್ಕಿ ಸ್ವಚ್ಛ ಮಾಡಿದ್ದವು. ಸಂಜೆ ಮತ್ತೆ ಅಂಟು ಸವರಿದೆವು, ಬುಧವಾರವೂ ಹಾಗೇ. ನಮ್ಮವರು ಗೊಣಗಿದ್ದೇ ಗೊಣಗಿದ್ದು. ಆದರೂ ಬುಧವಾರ ಸಂಜೆ ಅಂಟು ಸವರಿ ನೀರು ತುಂಬಿದವರೂ, ದಾರ ಕತ್ತರಿಸಿದವರೂ ಅವರೇ.

ಗುರುವಾರ ಬೆಳಿಗ್ಗೆ ಕೋಣೆಯಿಂದ ಅವರ ಕೂಗು ಕೇಳಿತು. "ಬಾರೇ ಇಲ್ಲಿ, ಬೇಗ ಬಾ." ಬಕೆಟ್ಟಿನಲ್ಲಿ ಐದು ಇಲಿ ಸತ್ತುಬಿದ್ದಿದ್ದವು. ಕೈ ಹಾಕಲು ಹೋದವರನ್ನು ನಾನೇ ತಡೆದೆ. ಇಲಿಯ ಉಚ್ಚೆಯಿಂದ ಜ್ವರ ಬರುತ್ತದೆಂದು ನರ್ಸಕ್ಕ ಎಚ್ಚರಿಸಿದ್ದರು. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಬಾವಿಯಿಂದ ದೂರ ಆಳವಾಗಿ ಹೂತು, ಸೋಪಿನಲ್ಲಿ ಕೈ ತೊಳೆದೆವು. ಹತ್ತು ಗಂಟೆಯ ಹೊತ್ತಿಗೆ ಬೀದಿಯವರೆಲ್ಲ ನಮ್ಮ ಬಾಗಿಲಲ್ಲಿದ್ದರು. ನಮ್ಮವರು ಬಕೆಟ್ಟನ್ನು ತಾವೇ ಕಂಡುಹಿಡಿದವರಂತೆ ಡಬ್ಬ ತಿರುಗಿಸಿ ತೋರಿಸುತ್ತಿದ್ದರು. ಜಂಬ ಕೊಚ್ಚಿಕೊಳ್ಳಲಿ ಎಂದು ನಾನೂ ಸುಮ್ಮನಿದ್ದೆ.

ಶುಕ್ರವಾರ ಎರಡು ಬಿದ್ದವು. ಶನಿವಾರ ಬಕೆಟ್ಟು ಖಾಲಿ, ಡಬ್ಬದ ಅಂಟು ಹಾಗೇ ಇತ್ತು. ಉಳಿದ ಬಟ್ಟೆಯಲ್ಲಿ ಆರು ಹೊಸ ಕಾಲರ್ ಕೂರಿಸಿ ನಲವತ್ತೂ ಅಂಗಿ ಒಪ್ಪಿಸಿದೆವು. ಹೆಡ್ಮೇಷ್ಟ್ರು ಒಂದು ಕಾಲರನ್ನು ಬೆರಳಲ್ಲಿ ಒತ್ತಿ ನೋಡಿ, "ಮುಂದಿನ ವರ್ಷವೂ ನೀವೇ ಹೊಲೀರಿ" ಎಂದರು. ನನಗೆ ಸಂತೋಷಕ್ಕೆ ಕಣ್ಣು ತುಂಬಿತು. ನಮ್ಮವರ ಬಾಯಿಂದ ಮಾತೇ ಹೊರಡಲಿಲ್ಲ, ಅಂಥ ದಿನ ಮತ್ತೆ ಬಂದಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಇವತ್ತು ಸಂಜೆ ನಿಮ್ಮ ಮನೆಯಲ್ಲೂ ಒಂದು ಸುತ್ತು ಹಾಕಿ. ಕೋಳಿಯ ಕಾಳೋ, ದನದ ಹಿಂಡಿಯೋ, ತೊಳೆಯದ ಪಾತ್ರೆಯೋ, ಇಲಿಗೆ ನೀವು ಬಡಿಸುತ್ತಿರುವುದು ಏನೆಂದು ಹುಡುಕಿ. ಅದನ್ನು ಮುಚ್ಚಿಡಿ, ಅದರದೇ ಒಂದು ಚೂರು ಡಬ್ಬಕ್ಕೆ ಅಂಟಿಸಿ. ಎರಡು ದಿನ ತಾಳಿ, ಮೂರನೆಯ ಸಂಜೆ ಬಕೆಟ್ಟಿಗೆ ಅರ್ಧ ನೀರು ಹಾಕಿ ದಾರ ಬಿಚ್ಚಿ, ಮಕ್ಕಳು ಹತ್ತಿರ ಹೋಗದಂತೆ ನೋಡಿಕೊಳ್ಳಿ. ಐದು ಇಲಿ ಬಿದ್ದ ಬೆಳಿಗ್ಗೆ ಎಷ್ಟು ಹಿತವಾಗಿರುತ್ತದೆಂದು ನಾನು ಹೇಳಿದರೆ ಸಾಲದು, ನೀವೇ ನೋಡಿ.